ಬಿಟ್ಟುಹೋದ ಒತ್ತು

ಪ್ರತಿ ಜೂನಿನಾಗ ನನಗೊಂದು ದಿನದ ಕೆಲಸ ಐತಿ
ಬೆಟಗೇರಿ ಸಾಲ್ಯಾಗ.
ಸರಕಾರದ ಒಂದು ಪೈಸೆ ಬರದ ಸಾಲಿ ಅದು:
ಹತ್ತು ಖೋಲಿ, ಎರಡು ವ್ಯಾನು,
ಹನ್ನೆರಡನೇ ತಾರೀಖಿಗೆ ಮಾಸ್ತರರ ಪಗಾರ.
ಹಿಂದಿನ ಗೋಡೆಗೆ ಹತ್ತಿ ನೇಕಾರರ ಶೆಡ್ಡು.
ಮಗ್ಗಕ್ಕೂ ಮಗ್ಗಿಗೂ ನಡುವ ಒಂದಽ ಗೋಡೆ.

ಹಸಿರು ಹಲಗಿ, ಬಿಳಿ ಬಣ್ಣ, ನಾಕನೇ ನಂಬರಿನ ಕುಂಚ.
ಹತ್ತನೇತ್ತೆಗೆ ಮೊದಲು ಬಂದವರ ಇಸವಿ, ಹೆಸರು, ಶೇಕಡಾ.
ನೋಡೋರಿಗೆ ಅಂಕಿ ಮುಖ್ಯ,
ನನಗ ಒತ್ತಕ್ಷರ.
ಕಮಲಾ ಬಂದ ವರ್ಷ ಚಾ ಆರೂದ್ರಾಗ ಮುಗೀತು.
ಜ್ಯೋತ್ಸ್ನಾ ಬಂದ ವರ್ಷ ಸೊಂಟ ಹಿಡೀತು.
ಹೋದ ಸಲ ರಿಸಲ್ಟಿನ ಹಿಂದಿನ ರಾತ್ರಿ
ವೀರಭದ್ರನ ಗುಡಿಯಾಗ ಕೈ ಮುಗಿದಿದ್ದೆ:
ಸರಳ ಹೆಸರಿನ ಕೂಸೊಂದು ಮುಂದ ಬರಲೆಪ್ಪಾ.
ಬಂದ. ರಮಜಾನ ನದಾಫ. ಹದಿನೈದು ನಿಮಿಷ.

ಈ ವರ್ಷ ಉಜ್ಜ್ವಲಾ ಮೆಹರವಾಡೆ.
ಜಕ್ಕ ಜ ಒತ್ತು, ಅದರ ಕೆಳಗ ವ ಒತ್ತು,
ಮಾಳಗಿ ನಿಚ್ಚಣಿಕಿ ಇಳಿದಂಗ.
ಶೆಡ್ಡಿನ ಆಚೆ ಕಡೆ ಮನಿ ಹುಡುಗಿ,
ಬೆರಳಿಗೆ ಇನ್ನೂ ನೂಲಿನ ಬಣ್ಣ ಹತ್ತೇತಿ.
ಕೆಳಗ ನಿಂತು ಹೇಳ್ತಾಳ:
‘ಕಾಕಾ, ಒತ್ತು ಬಿಡಬ್ಯಾಡ್ರಿ ಮತ್ತ.’

ಆದ್ರ ಹಲಗಿ ತುಂಬೈತಿ.
‘ಮ್ಯಾಲಿನ ಮೂರು ಸಾಲು ಅಳಸು’ ಅಂದ್ರು ಹೆಡ್‌ಮಾಸ್ತರು,
‘ಹಳೇವು, ಯಾರಿಗೂ ಗುರ್ತಿಲ್ಲ.’
ಹೊಸ ಹಲಗಿ ತರಸ್ರಿ ಅಂದ್ರ
ಖೋ-ಖೋ ಹುಡುಗ್ಯಾರ ಬೂಟಿಗೇ ರೊಕ್ಕಿಲ್ಲಂತ.
(ಬರಿಗಾಲಾಗ ಜಿಲ್ಲಾಕ್ಕ ಎರಡನೇದವರಾಗಿ ಬಂದಾರ ಅವರು.
ಗೆದ್ದ ಕಪ್ಪಿನಾಗ ಈಗ ಸ್ಟಾಫ್ ರೂಮಿನ ಚಾಕ್‌ಪೀಸು.)

ಮೊದಲನೇ ಸಾಲು:
೧೯೮೯, ನೀಲಾಂಬಿಕಾ ಹೊಸಳಿ, ಶೇ. ೭೧.
ಅಪ್ಪನ ಕೈ ಅದು,
ಆ ‘ಹ’ದ ಬಾಲ ಎಲ್ಲಿ ಕಂಡರೂ ಹಿಡೀತೀನಿ.

ಏಣಿ ಹಿಡಿದು ನಿಂತ ಗಣಿತದ ಟೀಚರು
ಸೆರಗಿಗೆ ಸುಣ್ಣದ ಕೈ ಒರಸಿಕೊಂತ ಅಂದ್ರು:
‘ಅಳಸೋ ತಮ್ಮಾ, ನನ್ನ ಹೆಸರಽ ಅದು.
ಅದೂ ತಪ್ಪು ಹೆಸರು.
ನಾವು ಹೊಸಳ್ಳಿಯವರು. ನಿಮ್ಮಪ್ಪ ಒಂದು ಒತ್ತು ಬಿಟ್ಟ.
ಹೊಸಳಿ ಹೊಸಳಿ ಅಂತ ಓದಿ ಓದಿ
ವಾರದಾಗ ಹುಡುಗರು ಮೊಸಳಿ ಮಾಡಿದ್ರು.’

ಮೊಸಳಿ ಟೀಚರ್!
ಯಾಕ ಅಂತ ಗೊತ್ತಿಲ್ಲದಽ ನಾನೂ ಕೂಗಿದ್ದೆ,
ಏಳನೇತ್ತೆ, ಕಡೇ ಬೆಂಚು.
ಭಿನ್ನರಾಶಿಗೆ ಅಂಜಿ ಸಾಲಿ ಬಿಟ್ಟವ ನಾನು.
ಅಂಶ ತಿಳೀಲಿಲ್ಲ, ಛೇದ ತಿಳೀಲಿಲ್ಲ,
ನಡುವಿನ ಗೆರಿ ಮಾತ್ರ ಚಲೋ ಎಳೀತಿದ್ದೆ.

‘ಆವಾಗಽ ತಿದ್ದಸಬೇಕಿತ್ತಲ್ರಿ ಟೀಚರ್?’
‘ಮೊದಲ ಬ್ಯಾಚು. ಕುಂತವರು ಎಂಟು, ಪಾಸಾದವರು ಮೂರು.
ಬಣ್ಣದ ರೊಕ್ಕ ಸುದ್ದಾ ತಗೊಳ್ಳಲಿಲ್ಲ ನಿಮ್ಮಪ್ಪ.
ಪುಕ್ಕಟೆ ಬರೆದವಗ ತಪ್ಪು ಹ್ಯಾಂಗ ತೋರಸೂದು?’

ಕುಂಚ ಅದ್ದಿದೆ.
ಹಳದಿ ತಿರುಗಿದ ‘ಳಿ’ ಕೆಳಗ
ಬೆಳ್ಳಗ ಒಂದು ಸಣ್ಣ ಒತ್ತು,
ಮೂವತ್ತಾರು ವರ್ಷ ತಡ.

‘ಅಳಸು ಅಂದ್ರ ಬರೀತಿಯಲ್ಲೋ!’
‘ಬಣ್ಣ ಹಸಿ ಐತ್ರಿ ಸರ್. ಪೂರಾ ಒಣಗಿದ ಮ್ಯಾಲೆ ಅಳಸಬೇಕ್ರಿ.’
ಇಂಥಾ ಶಾಸ್ತ್ರ ಯಾ ಪೇಂಟರಗೂ ಇಲ್ಲ.

ಉಜ್ಜ್ವಲಾನ ತಳದ ಕಟ್ಟಿಗಿ ಪಟ್ಟಿ ಮ್ಯಾಲೆ ಕೂಡಿಸಿದೆ.
ಜ ಒತ್ತಿಗೆ ಜಾಗ ಆತು,
ವ ಒತ್ತು ಮಾತ್ರ ಪಟ್ಟಿ ದಾಟಿ
ಸಾಲಿ ಗೋಡೆಗೆ ಇಳೀತು.
ಹುಡುಗಿ ಬೆರಳಿಟ್ಟು ಎಣಸಿ ನೋಡಿ
ಹೂಂ ಅಂದ್ಲು.

ಗಂಟಿ ಆತು.
‘ಲೇ, ಮೊಸಳಿ ಬಂದ್ರಲೇ, ಮಗ್ಗಿ ಕೇಳ್ತಾರ!’
ಯಾವನೋ ಒಬ್ಬ ಚೀಲ ಎಳಕೊಂತ ಓಡಿದ.
ಟೀಚರು ಹಲಗಿ ಕಡೆ ತಿರುಗಲಿಲ್ಲ.
ಏಣಿ ಬಿಟ್ಟು, ಕಪ್ಪಿನಾಗಿಂದ ಎರಡು ಚಾಕ್‌ಪೀಸು ಆರಿಸಿ
ಒಳಗ ಹೋದ್ರು.

ಗೋಡೆ ಆಚೆ ಖಟಪಟ, ಖಟಪಟ.
ಈಚೆ
ಹದಿನೇಳೊಂದ್ಲೆ ಹದಿನೇಳು.