ನಾನಾರ್ಥ

ಶಾಲೆಗೆ ಸೇರುವ ಮೊದಲೇ ಅಕ್ಷರ ಕಲಿತೆ,
ಬಿ.ಎಚ್. ರಸ್ತೆಯಲ್ಲಿದ್ದ ಅಪ್ಪನ ಮಿಲಿಟರಿ ಹೋಟೆಲಿನ
ಕರಿಹಲಗೆಯ ಮೇಲೆ.
ಬೆಳಿಗ್ಗೆ ಏಳಕ್ಕೆ ಸ್ಟೂಲು ಹತ್ತಿ ಬರೆಯುತ್ತಿದ್ದೆ:
ಬೋಟಿ. ಕೈಮಾ. ತಲೆಮಾಂಸ. ಕಾಲು ಸೂಪು.
ಯಾರ ತಲೆ, ಯಾರ ಕಾಲು
ಕೇಳುವ ವಯಸ್ಸಲ್ಲ.
ಅಪ್ಪ ಹುಚ್ಚರಾಯಪ್ಪನಿಗೆ ಓದು ಬರುತ್ತಿರಲಿಲ್ಲ.
ಮಸಾಲೆಯ ಕೈ ಒರೆಸಿಕೊಂಡು, ದೂರ ನಿಂತು ನೋಡಿ
‘ದುಂಡಗೆ ಐತೆ’ ಅನ್ನುತ್ತಿದ್ದ.
ನನ್ನ ಮೊದಲ ಓದುಗ.
ಹಾಗಾಗಿ ಈ ಕತೆಯಲ್ಲಿ ಕಟುಕರಿಲ್ಲ.

ಮುಂದೆ ನಿಘಂಟಿನ ಕೆಲಸ. ದುರ್ಗಿಗುಡಿಯ ಮಹಡಿ ಕೋಣೆ,
ಚೀಟಿ, ಅಂಟು, ಜಿರಲೆ ತಿಂದ ಅಂಚು.
ಅಕಾರ ಮುಗಿಯುವ ಮೊದಲೇ ಎಡವಿದೆ.
ಅಡಗು: ಮಾಂಸ, ಹಳಗನ್ನಡದಲ್ಲಿ.
ಅಡಗು: ಬಚ್ಚಿಟ್ಟುಕೊ.
ಎರಡರ ಬೇರು ಬೇರೆಬೇರೆ ಇರಬಹುದು.
ಆದರೂ ಆ ಮಧ್ಯಾಹ್ನ ಡಬ್ಬಿಯ ಮುಚ್ಚಳ ತೆಗೆದರೆ
ಒಳಗೆ ಯಾರೋ ಉಸಿರು ಬಿಗಿಹಿಡಿದು ಕೂತಂತೆ.
ತಿಂದೆ. ಸುಳ್ಳೇಕೆ? ಮೂಳೆಯನ್ನೂ ಚೀಪಿದೆ.
ಬಕಾರಕ್ಕೆ ಬಂದು ‘ಬಾಡು’ ಎದುರಾಗುವ ಹೊತ್ತಿಗೆ
ಆರು ವರ್ಷ ಕಳೆದಿತ್ತು.
ತಟ್ಟೆಯಲ್ಲಿ ಉಳಿದದ್ದು ಬರೀ ಸಾರು,
ಅದೂ ಅವ್ವನ ದಾಕ್ಷಿಣ್ಯಕ್ಕೆ.

ಮನೆ ಮಾಲೀಕರು, ಶ್ರೀಪಾದಯ್ಯ, ಹಿಗ್ಗಿದರು:
‘ಈಗ ಶುದ್ಧ ಆದ್ರಿ ನೋಡಿ.’
ಅಪ್ಪನ ಹಲಗೆಯ ಮೇಲೆ
ಒಂದಕ್ಷರವೂ ಅಶುದ್ಧ ಇರಲಿಲ್ಲ ಸ್ವಾಮಿ, ಅಂದೆ.
ಅರ್ಥವಾಗದೆ ಕಾಫಿ ತರಿಸಿದರು, ಗಟ್ಟಿ ಹಾಲಿನದು.
ಆಗಿನ್ನೂ ಕುಡಿಯುತ್ತಿದ್ದೆ.

ಪದ ಹುಡುಕುತ್ತ ರಿಪ್ಪನ್‌ಪೇಟೆಯ ಆಚೆಗೆ ಹೋದ ದಿನ
ಗುತ್ಯಮ್ಮ ಬೆರಳು ಮಡಿಚಿ ಎಣಿಸುತ್ತ ಹೋದಳು:
ಗಿಣ್ಣು, ಸೊರ ಬಿಡೋದು, ಬತ್ತಿಸೋದು,
ಕಡಸು, ಮಣಕ, ಗೊಡ್ಡು.
ನನ್ನ ಚೀಟಿಗಳಿಗೆ ಹಬ್ಬ.
ಕೊಟ್ಟಿಗೆಯ ಗೂಟಕ್ಕೆ ಒರಗಿಸಿದ್ದ ಕರುವಿಗೆ
ಕಣ್ಣಿರಲಿಲ್ಲ. ಹೊಟ್ಟೆಯ ಹೊಲಿಗೆಯಿಂದ
ಒಣಹುಲ್ಲು ಇಣುಕುತ್ತಿತ್ತು.
ತಾಯಿ ಅದನ್ನು ನೆಕ್ಕುತ್ತಲೇ ಇತ್ತು,
ಕೆಳಗೆ ತಂಬಿಗೆಯಲ್ಲಿ ಚರ್ ಚರ್ ಸದ್ದು.
‘ಇದಕ್ಕೇನಂತೀರಿ?’ ಪೆನ್ನು ಸಿದ್ಧವಿತ್ತು.
‘ಕರು ಅಂತ್ಲೇ ಅನ್ನೋದು.’
ಆಮೇಲೆ ದನಿ ತಗ್ಗಿಸಿ:
‘ಬ್ಯಾರೆ ಹೆಸರಿಟ್ರೆ ಅದಕ್ಕೆ ಗೊತ್ತಾಗ್ತದಲ್ಲ ತಂಗಿ.’

ಆ ಚೀಟಿ ಇನ್ನೂ ಖಾಲಿ ಇದೆ.

ನಾನೀಗ ಆಗಿರುವುದಕ್ಕೂ ಪದ ಸಿಕ್ಕಿಲ್ಲ.
ವೀಗನ್ ಅಂದರೆ ‘ಯಾವ ಕಾಯಿಲೆಗೆ ಅದು’ ಅನ್ನುತ್ತಾಳೆ ಅವ್ವ.
ಟೀ ಅಂಗಡಿಯ ಹುಡುಗ ‘ಪಾಪ, ಶುಗರ್ರಾ ಮೇಡಂ’ ಅಂದು
ಹಾಲಿನ ಜೊತೆ ಸಕ್ಕರೆಯನ್ನೂ ಬಿಡುತ್ತಾನೆ.
ಜೇನೂ ಬೇಡ ಅಂದದ್ದಕ್ಕೆ ತಮ್ಮ ಕೆಣಕುತ್ತಾನೆ:
‘ಜೇನುಡಿ ಅಂತ ಬರೆಯೋದನ್ನೂ ಬಿಡು ಹಾಗಾದ್ರೆ.’
ಬಿಡುವುದಿಲ್ಲ. ಹಾಲು ಅನ್ನುವ ಪದವನ್ನೂ ಬಿಟ್ಟಿಲ್ಲ.
ತೆಂಗಿನ ಹಾಲಲ್ಲಿ ಕಳಲೆ ಬೇಯುತ್ತದೆ,
ಭದ್ರಾ ಕಾಲುವೆಯ ಬದಿಯಲ್ಲಿ ಭತ್ತದ ತೆನೆ ಹಾಲ್ದುಂಬುತ್ತದೆ.
ಭಾನುವಾರ ಮಾತ್ರ ಕಷ್ಟ.
ಯಾರದೋ ಕಿಟಕಿಯಿಂದ ಹುರಿದ ಕೊತ್ತಂಬರಿಯ ಘಮ ಬಂದು
ಬಾಯಲ್ಲಿ ನೀರೂರುತ್ತದೆ, ಕಣ್ಣಲ್ಲೂ.
ಅಪ್ಪನ ಹಲಗೆ ನನ್ನ ಮೇಜಿನ ಹಿಂದೆಯೇ ಇದೆ,
ಒರೆಸಿಲ್ಲ.

ಸಂಜೆ, ತುಂಗೆಯ ಸೇತುವೆಯ ಹತ್ತಿರ
ಬತ್ತಿದ ಬಿಡಾಡಿ ಹಸುವೊಂದು ಪ್ಲಾಸ್ಟಿಕ್ ಅಗಿಯುತ್ತಿರುತ್ತದೆ.
ಚೀಲದಲ್ಲಿ ಬಾಳೆಹಣ್ಣಿನ ಸಿಪ್ಪೆ ಇದ್ದರೆ ನಿಲ್ಲುತ್ತೇನೆ.
ಕರೆ: ಹಾಲು ಹಿಂಡು.
ಕರೆ: ಕೂಗು, ಬಾ ಅನ್ನು.
ನಮ್ಮ ಮಾತಿನಲ್ಲಿ ಎರಡಕ್ಕೂ ಒಂದೇ ಕ್ರಿಯಾಪದ,
ಅದಕ್ಕೇ ಇರಬೇಕು,
ಅದು ಕಿವಿ ನಿಮಿರಿಸಿ ಒಂದು ಹೆಜ್ಜೆ ಹಿಂದೆ ಸರಿಯುತ್ತದೆ.
ಎರಡನೇ ಅರ್ಥದಲ್ಲಿ ಕರೆಯುತ್ತೇನೆ.
ಕೈ ಚಾಚಿ ನಿಂತಿರುತ್ತೇನೆ,
ಬಸ್ಸು ತಪ್ಪಿದರೂ.