ಮೂರನೆಯ ಮಹಡಿಯ ಬಾಗಿಲು

ಡುಲೂತಿನಲ್ಲಿ ಸರೋವರ ಹೆಪ್ಪುಗಟ್ಟಿದ ವಾರ
ಮಾರ್ಲಿಸ್ ಹಾಲ್ವರ್ಸನ್ ಫೋನು ಹಚ್ಚಿದಳು
ಓಹಾಯೋದ ಒಂದು ಕಾಲೇಜಿಗೆ.

ಅರ್ಜಿದಾರನ ಕಡತ ಒಳ್ಳೇ ತೂಕ:
ನಲವತ್ತೊಂದು ಪ್ರಬಂಧ, ಎರಡು ಪೇಟೆಂಟು,
ಜೇನಲ್ಲಿ ಅದ್ದಿ ತೆಗೆದ ಮೂರು ಶಿಫಾರಸು.
ಬಾಕಿ ಇದ್ದದ್ದು ಒಂದೇ ಕಾಲಂ:
ಹಿಂದೆ ದೂರು, ವಿಚಾರಣೆ, ಶಿಕ್ಷೆ?

"ಸ್ವಂತ ಇಚ್ಛೆಯಿಂದ ಬಿಟ್ಟರು," ಆ ಕಡೆಯ ದನಿ,
ಬರೆದಿಟ್ಟದ್ದನ್ನು ಓದಿದ ಹಾಗೆ.
"ಹೆಚ್ಚು ಹೇಳುವಂತಿಲ್ಲ, ಸಹಿ ಆಗಿದೆ."
ಸರಿ, ಎಂದಳು ಮಾರ್ಲಿಸ್.
ಇಡಬೇಕಿತ್ತು ಫೋನು. ಇಬ್ಬರೂ ಇಡಲಿಲ್ಲ.
ಅಲ್ಲೆಲ್ಲೋ ಯಾರೋ ಸ್ಟೇಪ್ಲರ್ ಒತ್ತಿದರು, ಎರಡು ಸಲ.

ಆಮೇಲೆ ಆಕೆ, ಹವಾಮಾನ ಹೇಳುವವಳಂತೆ:
"ಅವರು ಹೋದ ಬೇಸಿಗೆ
ಮೂರನೆಯ ಮಹಡಿಯ ಲ್ಯಾಬಿನ ಬಾಗಿಲು ಕೊರೆಸಿ
ಗಾಜು ಹಾಕಿಸಿದರು. ಅದೊಂದಕ್ಕೇ.
ಈಗ ಹುಡುಗಿಯರು ರಾತ್ರಿಯೂ ಕೂರುತ್ತಾರೆ."

ಗಾಜಿಗೆ ಜಾಗವಿಲ್ಲ ನಮೂನೆಯಲ್ಲಿ.
ಹೌದು, ಇಲ್ಲ, ತಿಳಿಯದು. ಮೂರೇ ಚೌಕ.

ಪೆನ್ನಿಗೆ ಕ್ಯಾಪು ಹಾಕಿ ಮಾರ್ಲಿಸ್
ಮೆಟ್ಟಿಲಿಳಿದು ಹೋದಳು
ಅವನಿಗೆಂದು ಗೊತ್ತುಮಾಡಿದ ಕೋಣೆಯವರೆಗೆ.
ಓಕ್ ಮರದ ಬಾಗಿಲು, ಮೊನ್ನೆಯಷ್ಟೇ ಪಾಲಿಶ್.
ಬೆರಳ ಗೆಣ್ಣಿನಿಂದ ಬಡಿದು ನೋಡಿದಳು.
ಗಟ್ಟಿ.
ಒಳಗಿನದು ಹೊರಗೆ ಕೇಳದಷ್ಟು.