ಮರೆಮಾಡಿದ ಪದಗಳು

ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಮೈಕು ಹಿಡಿದರು, ಕೇಳಿದೆ:
ರಾತ್ರಿ ಎಂಟರ ಮೇಲೆ ನಮ್ಮ ರೂಟಿಗೆ ಬಸ್ಸು ಯಾಕಿಲ್ಲ?
ನಲವತ್ತು ಸೆಕೆಂಡು. ಅಷ್ಟೇ.
ಹೊಲಿಗೆ ಅಂಗಡಿಯ ಬಾಗಿಲೆಳೆದು ಬಂದವಳು,
ಕತ್ತಿನಲ್ಲಿ ಇಂಚುಪಟ್ಟಿ ಹಾಗೇ ಇತ್ತು.

ಬೆಳಗಾಗುವಷ್ಟರಲ್ಲಿ
ಊರೆಲ್ಲ ನನ್ನ ಅಳತೆ ತೆಗೆದಿತ್ತು.

ನಸೀಮಾಳ ಮಗಳು ಫೋನು ಇಸಿದುಕೊಂಡಳು:
ಆಂಟಿ, ಯಾವ ಯಾವ ಪದ ಬೇಡವೋ ಇಲ್ಲಿ ಬರೆಯಿರಿ,
ಅದಿರುವುದೆಲ್ಲ ತಾನೇ ಮರೆಯಾಗುತ್ತದೆ.

ಕೂತು ಬರೆದೆ.
ಅಮ್ಮ ಇದ್ದಿದ್ದರೆ ಬಾಯಿಗೆ ಮೆಣಸಿನ ಹುಡಿ ಹಾಕುತ್ತಿದ್ದಳು,
ಅಂಥವನ್ನು, ಒಂದೊಂದಾಗಿ, ನನ್ನದೇ ಬೆರಳಿಂದ,
ಒತ್ತು ತಪ್ಪದಂತೆ.
ತಪ್ಪಿದರೆ ನುಸುಳಿ ಬರುತ್ತವಲ್ಲ.
ಕನ್ನಡದಲ್ಲಿ ಒಮ್ಮೆ, ತುಳುವಿನಲ್ಲಿ ಒಮ್ಮೆ,
ಇಂಗ್ಲಿಷ್ ಅಕ್ಷರ ತೊಟ್ಟ ಕನ್ನಡದಲ್ಲಿ ನಾಲ್ಕು ಬಗೆ,
ಓ ಬದಲು ಸೊನ್ನೆ ಹಾಕುವ ಜಾಣರಿಗೆ ಇನ್ನೊಂದು.
ಬೈದವರು ತಲಾ ಒಂದು ಸಲ ಬರೆದು ಮಲಗಿದರು.
ನಾನು ಅಷ್ಟನ್ನೂ ಬರೆದೆ. ನೂರ ಹದಿಮೂರು.
ಮಂಗಳೂರಲ್ಲಿ ಇಷ್ಟು ಹೊಲಸು, ಕಾಗುಣಿತ ತಪ್ಪದೆ,
ಒಂದೇ ಕಡೆ ಇದ್ದರೆ ಅದು ನನ್ನ ಫೋನಿನಲ್ಲಿ.

ಆಮೇಲೆ ನಿಶ್ಶಬ್ದ.
ಕರೆಂಟು ಹೋಗಿ ಫ್ರಿಜ್ಜು ನಿಂತಾಗ ಅಡುಗೆಮನೆಗೆ ಬರುತ್ತದಲ್ಲ, ಅಂಥದ್ದು.
ಬಸ್ಸು ಬರಲಿಲ್ಲ. ಅದು ಬೇರೆ ವಿಷಯ.

ಆಟಿ ಕಳೆದು, ಕಟಪಾಡಿಯಿಂದ ವಾರಿಜಾ ಮಾಮಿಯ ಫೋನು:
ಏನೇ, ದೊಡ್ಡ ಜನ ಆದೆಯಾ?
ನಾನು ಬರೆದದ್ದಕ್ಕೆಲ್ಲ ಒಂದು ಉತ್ತರವಿಲ್ಲ,
ಮಂಡೆ ಎಲ್ಲಿಟ್ಟಿದ್ದಿ, ಮೂದೇವಿ?

ಮೂದೇವಿ.
ಐವತ್ತೇಳನೆಯದು.

ಮರೆಯಾದದ್ದರ ಬಾಗಿಲು ತೆಗೆದೆ.
ಸೀರೆಗೆ ಫಾಲ್ಸ್ ಹಚ್ಚುವ ಚಿತ್ರದ ಕೆಳಗೆ:
ಕಣ್ಣು ಹಾಳು ಮಾಡ್ಕೊಳ್ಬೇಡ ಮೂದೇವಿ.
ಮೋಡದ ಚಿತ್ರದ ಕೆಳಗೆ: ಕೊಡೆ ಉಂಟಾ ಮೂದೇವಿ.
ನಲವತ್ತು ಸೆಕೆಂಡಿನ ಕೆಳಗೆ:
ಲಾಯ್ಕ ಕೇಳಿದೆ ಮೂದೇವಿ. ಒಣಸ್ ಆಂಡಾ?
ಅದರ ಹಿಂದೆ ಮುಂದೆ, ಭುಜಕ್ಕೆ ಭುಜ ತಾಗಿಸಿ,
ಮುಖವಿಲ್ಲದ ಹದಿನಾರು ಮಂದಿ
ಅದೇ ಪದ ಹಿಡಿದು ನಿಂತಿದ್ದರು.
ಯಂತ್ರಕ್ಕೆ ನಾನು ಹೇಳಿದ್ದು ಪದ ಮಾತ್ರ.
ಬಾಯಿಯ ವಿಷಯ ಹೇಳಿರಲಿಲ್ಲ.

ಮಾಮಿಗೆ ಹೇಳಬಹುದಿತ್ತು, ಬೇರೆ ಏನಾದರೂ ಕರೆಯಿರಿ ಅಂತ.
ಎಪ್ಪತ್ತೆಂಟರಲ್ಲಿ ಇನ್ನು ಯಾವ ಹೆಸರು ಹುಡುಕಿಯಾರು ಪಾಪ.
ಐವತ್ತೇಳನೆಯದನ್ನು ಅಳಿಸಿದೆ.
ಹದಿನಾರು ಮಂದಿಯೂ ಒಳಗೆ ಬಂದರು, ಚಪ್ಪಲಿ ಸಮೇತ.
ಅವರ ನಡುವೆ ಒರಸಿಕೊಂಡು ದಾರಿ ಮಾಡಿ
ಬರೆದೆ:
ಆಂಡ್ ಮಾಮಿ. ಈರೆನ?